ಅಡ್ರಿನಲಿನ್: ಖಾತೆದಾರನೂ ಸಾಗುವಳಿದಾರನೂ

ಔಷಧಗಳ ಚರಿತ್ರೆಯನ್ನು ಬರೆಯುವವರು ಒಂದು ವಸ್ತುವಿಗೆ ಒಬ್ಬನೇ ಕರ್ತೃವನ್ನೂ ಒಂದೇ ಇಸವಿಯನ್ನೂ ಹೇಳಿ ಮುಗಿಸಿಬಿಡುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಅಡ್ರಿನಲಿನ್ ಎಂದೊಡನೆ ‘ಜಪಾನಿನ ಜೋಕಿಚಿ ತಕಾಮಿನೆ, 1901’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪರೀಕ್ಷೆಯಲ್ಲಿ ಅಂಕ ಗಳಿಸಲು ಇಷ್ಟು ಸಾಕು. ಆದರೆ ಇದಕ್ಕೆ ಆಧಾರವೇನೆಂದು ಕೇಳಿದರೆ ಹಲವರು ಆತನ ಹೆಸರಿನಲ್ಲಿರುವ ಅಮೆರಿಕದ ಪೇಟೆಂಟನ್ನು ಮುಂದಿಡುತ್ತಾರೆ. ಪೇಟೆಂಟೆಂಬುದು ಸರ್ಕಾರದ ಮೊಹರು ಬಿದ್ದ ಪತ್ರ. ಅದರಲ್ಲಿ ಹೆಸರು, ದಿನಾಂಕ, ಸಂಖ್ಯೆ ಎಲ್ಲವೂ ಇವೆ. ಅದಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಏನು ಬೇಕು ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪಲಾರೆವು. ಪೇಟೆಂಟು ಒಳ್ಳೆಯ ಸಾಕ್ಷ್ಯವೇ ಹೌದು. ಆದರೆ ಅದು ಯಾವ ಪ್ರಶ್ನೆಗೆ ಸಾಕ್ಷ್ಯ ಎಂಬುದನ್ನು ಮೊದಲು ತಿಳಿಯಬೇಕು.

ನಮ್ಮ ಹಳ್ಳಿಗಳ ಪಹಣಿ ಪತ್ರಿಕೆಯನ್ನು ನೋಡಿದವರಿಗೆ ಈ ಮಾತು ಬೇಗ ಮನದಟ್ಟಾದೀತು. ಅಲ್ಲಿ ಜಮೀನು ಯಾರ ಖಾತೆಯಲ್ಲಿದೆ ಎಂಬುದಕ್ಕೆ ಒಂದು ಅಂಕಣವಿದೆ. ಸಾಗುವಳಿ ಮಾಡುತ್ತಿರುವವನು ಯಾರು ಎಂಬುದಕ್ಕೆ ಬೇರೊಂದು ಅಂಕಣವಿದೆ. ಎರಡು ಅಂಕಣಗಳಲ್ಲಿಯೂ ಒಂದೇ ಹೆಸರಿರಬಹುದು, ಇಲ್ಲದೆಯೂ ಇರಬಹುದು. ಪೇಟೆಂಟಿನಲ್ಲಿ ಉಪಜ್ಞೆಕಾರನ ಹೆಸರಿರುತ್ತದೆ. ಮಂಜೂರಾಗುವ ಮೊದಲೇ ಆತನು ತನ್ನ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಟ್ಟಿದ್ದರೆ ಅವರ ಹೆಸರೂ ಇರುತ್ತದೆ. ಆಮೇಲೆ ನಡೆದ ಕ್ರಯವಿಕ್ರಯಗಳು ಪತ್ರದ ಮೇಲೆ ಕಾಣುವುದಿಲ್ಲ. ಅವನ್ನು ಬೇರೆ ದಾಖಲೆಗಳಲ್ಲಿ ಹುಡುಕಬೇಕು. ಇನ್ನು ಒಲೆಯ ಮುಂದೆ ನಿಂತು, ಕುದಿಸಿ, ಸೋಸಿ, ರಾತ್ರಿಯೆಲ್ಲ ಕಾದವನಿಗೆ, ಎಂದರೆ ಸಾಗುವಳಿದಾರನಿಗೆ, ಪೇಟೆಂಟಿನಲ್ಲಿ ಅಂಕಣವೇ ಇಲ್ಲ. ಈ ಮೂವರನ್ನೂ ಬೇರೆಬೇರೆಯಾಗಿ ಗುರುತಿಸದೆ ಔಷಧದ ಚರಿತ್ರೆಯನ್ನು ಬರೆಯಕೂಡದೆಂಬುದು ನಮ್ಮ ಅಭಿಪ್ರಾಯ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಔಷಧದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಪೇಟೆಂಟನ್ನು ಅಂಕಣ ಅಂಕಣವಾಗಿ ಓದುವ ಅಭ್ಯಾಸ ನಮಗೆ ಬಂದುದು ನಮ್ಮ ವಿಷಯದಿಂದಲೇ. ಆಚಾರ್ಯ ಜಗದೀಶಚಂದ್ರ ಬೋಸರಿಗೆ ಪೇಟೆಂಟು ಎಂದರೆ ಒಲವಿರಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಹಾಗಿದ್ದರೂ ವಿದ್ಯುತ್ತರಂಗಗಳನ್ನು ಗುರುತಿಸುವ ಉಪಕರಣಕ್ಕೆ 1904ರಲ್ಲಿ ಅವರ ಹೆಸರಿನಲ್ಲಿ ಅಮೆರಿಕದ 755,840ನೆಯ ಪೇಟೆಂಟು ಹೊರಟಿತು. ಆ ಪತ್ರದ ತಲೆಬರಹದಲ್ಲಿಯೇ ಅರ್ಧ ಹಕ್ಕು ಸಾರಾ ಚಾಪ್‌ಮನ್ ಬುಲ್ ಎಂಬ ಅಮೆರಿಕದ ಮಹಿಳೆಗೆ ಸೇರಿದುದೆಂದು ನಮೂದಾಗಿದೆ. ಆಕೆ ಬೋಸರ ಹಿತೈಷಿಣಿ, ಉಪಕರಣವನ್ನು ರಚಿಸಿದವಳಲ್ಲ. ಆ ಒಂದು ಸಾಲನ್ನು ಓದದೆ ಹೋದರೆ ಬೋಸರ ಜೀವನದ ಒಂದು ಮುಖ್ಯ ಸಂಗತಿಯೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈಗ ತಕಾಮಿನೆಯ ವಿಷಯಕ್ಕೆ ಬರೋಣ. ಆತನು ಹುಟ್ಟಿದುದು 1854ರಲ್ಲಿ, ಜಪಾನಿನ ತಕಾವೋಕ ಎಂಬ ಊರಿನಲ್ಲಿ. ತಂದೆ ವೈದ್ಯ, ತಾಯಿಯ ಕಡೆಯವರು ಸಾಕೆ ಎಂಬ ಅಕ್ಕಿಯ ಮದ್ಯವನ್ನು ತಯಾರಿಸುತ್ತಿದ್ದ ಮನೆತನದವರು. ಒಂದು ಕಡೆ ಔಷಧ, ಇನ್ನೊಂದು ಕಡೆ ಹುದುಗು. ಆತನ ಬಾಳಿನ ಎರಡು ದೊಡ್ಡ ಕೆಲಸಗಳೂ ಹೀಗೆ ಮನೆಯಿಂದಲೇ ಬಂದಂತಿವೆ. 1879ರಲ್ಲಿ ಟೋಕಿಯೋದ ಇಂಜಿನಿಯರಿಂಗ್ ಕಾಲೇಜಿನಿಂದ ತೇರ್ಗಡೆಯಾಗಿ, ಸರ್ಕಾರದ ಖರ್ಚಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋಗಿ ಓದಿ, 1883ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಕೃಷಿ ಮತ್ತು ವಾಣಿಜ್ಯ ಇಲಾಖೆಯನ್ನು ಸೇರಿದನು. 1884ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಹತ್ತಿಯ ಮಹಾಪ್ರದರ್ಶನಕ್ಕೆ ಜಪಾನಿನ ಪರವಾಗಿ ಹೋದನು. ಅಲ್ಲಿಯೇ ಪರಿಚಯವಾದ ಕ್ಯಾರೊಲಿನ್ ಹಿಚ್ ಎಂಬಾಕೆಯನ್ನು 1887ರಲ್ಲಿ ವಿವಾಹವಾದನು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಜಪಾನಿನಲ್ಲಿ ಪೇಟೆಂಟು ಶಾಸನ ಜಾರಿಗೆ ಬಂದುದು 1885ರಲ್ಲಿ. ಅದನ್ನು ರೂಪಿಸಿ ಪೇಟೆಂಟು ಕಚೇರಿಗೆ ಮೊದಲ ಮುಖ್ಯಸ್ಥನಾದವನು ತಕಾಹಾಶಿ ಕೊರೆಕಿಯೊ. ಈತನೇ ಮುಂದೆ ಆ ದೇಶದ ಪ್ರಧಾನಮಂತ್ರಿಯೂ ಆದನು. ಇತರ ದೇಶಗಳ ಪೇಟೆಂಟು ಪದ್ಧತಿಯನ್ನು ನೋಡಿಬರಲು ತಕಾಹಾಶಿಯು ಅಮೆರಿಕಕ್ಕೂ ಯೂರೋಪಿಗೂ ಹೋಗಿದ್ದಾಗ ಕಚೇರಿಯ ಹಂಗಾಮಿ ಮುಖ್ಯಸ್ಥನಾಗಿದ್ದವನು ನಮ್ಮ ತಕಾಮಿನೆಯೇ. ಎಂದರೆ ಆತನು ಮುಂದೆ ಅರ್ಜಿದಾರನಾಗಿ ಬಂದು ನಿಂತ ಬಾಗಿಲಿನ ಒಳಗಡೆ ಮೇಜಿನ ಹಿಂದೆ ಕುಳಿತೂ ಕೆಲಸ ಮಾಡಿದ್ದನು. ಯಾವುದನ್ನು ಬರೆಯಬೇಕು, ಎಷ್ಟು ಬರೆಯಬೇಕು, ಯಾರ ಹೆಸರಿನಲ್ಲಿ ಬರೆಯಬೇಕು ಎಂಬುದನ್ನು ಇಷ್ಟು ಚೆನ್ನಾಗಿ ಬಲ್ಲ ರಸಾಯನವಿಜ್ಞಾನಿ ಆ ಕಾಲದಲ್ಲಿ ಇನ್ನೊಬ್ಬನಿದ್ದನೆಂದು ನಮಗೆ ತೋರುವುದಿಲ್ಲ.

ಮೊದಲನೆಯ ಬೆಳೆ ಹುದುಗಿನದು. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಗಂಜಿ ಸಿಹಿಯಾಗಿರುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಮೊಳಕೆಯೊಡೆಯುವ ಧಾನ್ಯದಲ್ಲಿ ಹುಟ್ಟುವ ಒಂದು ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಪಶ್ಚಿಮದವರು ವಿಸ್ಕಿ ತಯಾರಿಸುವಾಗ ಇದೇ ಕೆಲಸಕ್ಕೆ ಮೊಳಕೆ ಬರಿಸಿದ ಜವೆಗೋಧಿಯನ್ನು ಬಳಸುತ್ತಾರೆ. ಜಪಾನಿನವರಾದರೋ ಬೇಯಿಸಿದ ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸಿ, ಅದರಿಂದ ಅದೇ ಕೆಲಸವನ್ನು ಶತಮಾನಗಳಿಂದ ಮಾಡಿಸಿಕೊಳ್ಳುತ್ತಿದ್ದರು. ಈ ಬೂಷ್ಟನ್ನು ಅಗ್ಗವಾದ ಗೋಧಿ ಬೂಸಾದ ಮೇಲೆ ಬೆಳೆಸಿ ಅಮೆರಿಕದ ಭಟ್ಟಿಗಳಲ್ಲಿ ಬಳಸಬಹುದೆಂದು ತಕಾಮಿನೆ ಲೆಕ್ಕ ಹಾಕಿದನು. 1890ರಲ್ಲಿ ಅಮೆರಿಕಕ್ಕೆ ಹೋಗಿ, ಇಲಿನಾಯ್ ಪ್ರಾಂತದ ಪಿಯೋರಿಯ ಪಟ್ಟಣದಲ್ಲಿ ವಿಸ್ಕಿ ತಯಾರಕರ ದೊಡ್ಡ ಕೂಟದ ಆಶ್ರಯದಲ್ಲಿ ಕೆಲಸ ತೊಡಗಿದನು. ಜವೆಗೋಧಿಯ ಮೊಳಕೆಯಿಂದ ಬದುಕುತ್ತಿದ್ದ ವ್ಯಾಪಾರಿಗಳಿಗೆ ಇದು ಹಿತವಾಗಲಿಲ್ಲ. ಕಾರ್ಖಾನೆಗೆ ಬೆಂಕಿ ಬಿದ್ದಿತು, ಕಾಯಿಲೆ ಬಂದಿತು, ಕೊನೆಗೆ ಆ ಕೂಟವೇ ಒಡೆದುಹೋಯಿತು. ವಿಸ್ಕಿಯ ಕನಸು ಅಲ್ಲಿಗೆ ಮುಗಿಯಿತು.

ಆದರೆ ಕಿಣ್ವ ಉಳಿಯಿತು. ಅದನ್ನು ಬೂಸಾದಿಂದ ನೀರಿನಲ್ಲಿ ಇಳಿಸಿ, ಮದ್ಯಸಾರದಿಂದ ಬೇರ್ಪಡಿಸಿ, ಪುಡಿಯಾಗಿ ಮಾಡುವ ವಿಧಾನಕ್ಕೆ 1894ರಲ್ಲಿ 525,823ನೆಯ ಪೇಟೆಂಟು ದೊರೆಯಿತು. ಸೂಕ್ಷ್ಮಜೀವಿಯಿಂದ ಪಡೆದ ಕಿಣ್ವಕ್ಕೆ ಅಮೆರಿಕದಲ್ಲಿ ದೊರೆತ ಮೊದಲ ಪೇಟೆಂಟು ಇದೆಂದು ಎಣಿಕೆ. ಡೆಟ್ರಾಯ್ಟಿನ ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿ ಇದನ್ನು ‘ಟಾಕಾ ಡಯಸ್ಟೇಸ್’ ಎಂಬ ಹೆಸರಿನಿಂದ ಅಜೀರ್ಣದ ಮದ್ದಾಗಿ ಮಾರತೊಡಗಿತು. ಜಪಾನಿನಲ್ಲಿ ಮಾರಾಟ ಬೇರೆಯವರ ಪಾಲಾಯಿತು. ಅದಕ್ಕಾಗಿ 1899ರಲ್ಲಿ ಹುಟ್ಟಿದ ವ್ಯಾಪಾರವೇ ಸಾಂಕ್ಯೊ ಎಂಬ ದೊಡ್ಡ ಔಷಧ ಕಂಪನಿಯಾಗಿ ಬೆಳೆಯಿತು. ಒಂದೇ ಪದಾರ್ಥವನ್ನು ದೇಶವಾರು ಹಂಚಿ, ವಿಧಾನದ ಹಕ್ಕನ್ನು ಒಂದು ಪತ್ರದಲ್ಲಿಯೂ ಹೆಸರಿನ ಹಕ್ಕನ್ನು ಇನ್ನೊಂದು ಪತ್ರದಲ್ಲಿಯೂ ಇಡುವ ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬೂಷ್ಟನ್ನು ಅಕ್ಕಿಯ ಮೇಲೆ ಬೆಳೆಸುವ ಕಲೆಯನ್ನು ಕಾಪಾಡಿಕೊಂಡು ಬಂದಿದ್ದ ಜಪಾನಿನ ಅನಾಮಧೇಯ ಕಸುಬುದಾರರು ಈ ಯಾವ ಪತ್ರದಲ್ಲಿಯೂ ಕಾಣುವುದಿಲ್ಲ. ಕಾಣಬೇಕಾಗಿತ್ತೆಂದು ನಾವು ಹೇಳುತ್ತಿಲ್ಲ. ಬೂಸಾದಿಂದ ಪುಡಿ ತೆಗೆದುದು ನಿಜವಾಗಿಯೂ ತಕಾಮಿನೆಯ ಹೊಸ ಕೆಲಸ. ಆದರೆ ಚರಿತ್ರೆ ಬರೆಯುವವನು ಅವರನ್ನು ಮರೆಯುವಂತಿಲ್ಲ.

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳಿವೆ. ಅವುಗಳ ಸಾರವನ್ನು ಪ್ರಾಣಿಯ ರಕ್ತನಾಳಕ್ಕೆ ಸೇರಿಸಿದರೆ ರಕ್ತದ ಒತ್ತಡ ಥಟ್ಟನೆ ಏರುತ್ತದೆಂಬುದನ್ನು ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಷೇಫರ್ 1894ರಲ್ಲಿ ತೋರಿಸಿಕೊಟ್ಟರು. ಪೋಲೆಂಡಿನ ಸಿಬುಲ್ಸ್ಕಿಯೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಇದನ್ನು ಕಂಡನು. ರಕ್ತಸ್ರಾವವನ್ನು ತಡೆಯುವ ಶಕ್ತಿಯಿದ್ದ ಈ ಸಾರವನ್ನು ಶಸ್ತ್ರವೈದ್ಯರು ಆಸೆಯಿಂದ ಬಳಸತೊಡಗಿದರು. ಆದರೆ ಹಸಿ ಗ್ರಂಥಿಯ ಸಾರ ಬೇಗ ಕೆಡುತ್ತಿತ್ತು. ಒಂದು ದಿನ ಇದ್ದ ಶಕ್ತಿ ಇನ್ನೊಂದು ದಿನ ಇರುತ್ತಿರಲಿಲ್ಲ. ಒಳಗಿರುವ ಮೂಲವಸ್ತುವನ್ನು ಶುದ್ಧವಾಗಿ ಬೇರ್ಪಡಿಸಬೇಕೆಂದು ಹಲವರು ಹೊರಟರು. ಸ್ಟ್ರಾಸ್‌ಬುರ್ಗಿನಲ್ಲಿ ಆಟೊ ಫಾನ್ ಫ್ಯೂರ್ತ್ ತಾನು ಪಡೆದುದನ್ನು ‘ಸುಪ್ರರೆನಿನ್’ ಎಂದು ಕರೆದನು. ಅಮೆರಿಕದ ಬಾಲ್ಟಿಮೋರಿನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ಜೇಕಬ್ ಏಬಲ್ 1897ರಿಂದ ದುಡಿದು, ತನ್ನ ಪದಾರ್ಥಕ್ಕೆ 1899ರಲ್ಲಿ ‘ಎಪಿನೆಫ್ರಿನ್’ ಎಂದು ಹೆಸರಿಟ್ಟನು. ಬೇರ್ಪಡಿಸುವ ಸಲುವಾಗಿ ಅಂಟಿಸಿದ್ದ ಬೆಂಜಾಯಿಲ್ ಗುಂಪು ಏಬಲನ ಪದಾರ್ಥದಿಂದ ಪೂರ್ತಿಯಾಗಿ ಕಳಚಿರಲಿಲ್ಲ. ಎಂದರೆ ಕಳ್ಳನನ್ನು ಹಿಡಿದಿದ್ದನು, ಆದರೆ ಕಂಬಳಿ ಸಮೇತ. ತಕಾಮಿನೆಯು 1900ರಲ್ಲಿ ತನ್ನ ಪ್ರಯೋಗಾಲಯಕ್ಕೆ ಬಂದು ಕೆಲಸವನ್ನು ನೋಡಿಹೋದುದನ್ನು ಏಬಲ್ 1927ರಲ್ಲಿ ಬರೆದ ಲೇಖನದಲ್ಲಿ ನೆನೆದಿದ್ದಾನೆ.

ತಕಾಮಿನೆಗೆ ಈ ಕೆಲಸವನ್ನು ವಹಿಸಿದುದು ಪಾರ್ಕ್-ಡೇವಿಸ್ ಕಂಪನಿ. ಆತನ ಪ್ರಯೋಗಾಲಯ ಆಗ ನ್ಯೂಯಾರ್ಕ್ ನಗರದ ಒಂದು ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ 1900ರ ಆರಂಭದ ವೇಳೆಗೆ ಕೈಜೊ ಉಯೆನಾಕ ಎಂಬ ತರುಣ ಸಹಾಯಕನು ಜಪಾನಿನಿಂದ ಬಂದು ಸೇರಿದನು. ಈತನ ವಯಸ್ಸು ಆಗ ಇಪ್ಪತ್ತನಾಲ್ಕರ ಆಸುಪಾಸು. ಎಫಿಡ್ರಿನ್ ಎಂಬ ಔಷಧಸತ್ವವನ್ನು ಬೇರ್ಪಡಿಸಿ ಹೆಸರಾದ ನಾಗಾಯಿ ನಾಗಯೋಶಿಯ ಬಳಿ ಪಳಗಿದ ಕೈ. ಎಫಿಡ್ರಿನ್ ಮತ್ತು ಅಡ್ರಿನಲಿನ್ ಇವೆರಡರ ಅಣುರಚನೆ ಎಷ್ಟೋ ಮಟ್ಟಿಗೆ ಹೋಲುತ್ತದೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ಒಂದರ ಜೊತೆ ಹೆಣಗಿದ ಕೈಗೆ ಇನ್ನೊಂದರ ಸ್ವಭಾವ ಸ್ವಲ್ಪ ಬೇಗ ತಿಳಿದಿದ್ದರೆ ಆಶ್ಚರ್ಯವಿಲ್ಲ.

ವಿಧಾನ ಹೀಗಿತ್ತು. ಕಸಾಯಿಖಾನೆಯಿಂದ ತಂದ ಗ್ರಂಥಿಗಳನ್ನು ಸಣ್ಣಗೆ ಕೊಚ್ಚಿ, ತುಸು ಹುಳಿಯಾಗಿಸಿದ ಬಿಸಿನೀರಿನಲ್ಲಿ ನೆನೆಸಿ ಸಾರವನ್ನು ಇಳಿಸುವುದು. ಗಾಳಿ ತಗುಲಿದರೆ ಪದಾರ್ಥ ಕೆಂಪಗಾಗಿ ಕೆಡುವುದರಿಂದ ಗಾಳಿಯನ್ನು ಆದಷ್ಟೂ ದೂರವಿಡುವುದು. ಕಾವನ್ನು ಏರಿಸಿ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಿ ಸೋಸಿ ತೆಗೆಯುವುದು. ಉಳಿದುದನ್ನು ನಿರ್ವಾತದಲ್ಲಿ ಕಡಿಮೆ ಕಾವಿನಲ್ಲಿ ಬತ್ತಿಸಿ, ಮದ್ಯಸಾರ ಸೇರಿಸಿ, ಬೇಡದ ವಸ್ತುಗಳನ್ನು ತಳಕ್ಕೆ ಇಳಿಸುವುದು. ಪ್ರತಿಯೊಂದು ಹಂತದಲ್ಲಿಯೂ ಒಂದು ತೊಟ್ಟನ್ನು ತೆಗೆದು ಫೆರಿಕ್ ಕ್ಲೋರೈಡಿನೊಂದಿಗೆ ಬೆರೆಸಿದರೆ ಹಸಿರು ಬಣ್ಣ ಬರುತ್ತದೆ. ಫ್ರಾನ್ಸಿನ ವುಲ್ಪಿಯನ್ 1856ರಲ್ಲಿ ಕಂಡ ಈ ಪರೀಕ್ಷೆ, ಬೇಟೆಗಾರನಿಗೆ ಹೆಜ್ಜೆಗುರುತು ಇದ್ದಂತೆ, ಪದಾರ್ಥ ಯಾವ ಪಾತ್ರೆಯಲ್ಲಿ ಉಳಿದಿದೆ ಎಂಬುದನ್ನು ತೋರಿಸುತ್ತಿತ್ತು. ಕೊನೆಯ ಹೆಜ್ಜೆ ಅಮೋನಿಯದ್ದು. ಬತ್ತಿಸಿದ ದ್ರಾವಣಕ್ಕೆ ಅಮೋನಿಯವನ್ನು ಸೇರಿಸಿ ಬಿಟ್ಟರೆ ಹುಳಿಯೊಂದಿಗೆ ಕೂಡಿದ್ದ ಪ್ರತ್ಯಾಮ್ಲ ಬಿಡುಗಡೆಯಾಗಿ ಹರಳುಗಟ್ಟುತ್ತದೆ. ಹೇಳುವಾಗ ಇದು ಎಷ್ಟು ಸರಳ! ಏಬಲನಿಗೂ ಫ್ಯೂರ್ತನಿಗೂ ವರ್ಷಗಟ್ಟಲೆ ಹೊಳೆಯದಿದ್ದ ಸರಳತೆ ಇದು. 1900ರ ಬೇಸಗೆಯಲ್ಲಿ ಒಂದು ರಾತ್ರಿ ತೊಳೆಯದೆ ಬಿಟ್ಟ ನಳಿಗೆಯ ತಳದಲ್ಲಿ ಬೆಳಗ್ಗೆ ಹರಳುಗಳು ಕಂಡವೆಂದು ಹೇಳುತ್ತಾರೆ. ಕಥೆ ಹೇಗೇ ಇರಲಿ, ಉಯೆನಾಕನು ಆ ಜುಲೈ ತಿಂಗಳಿನಿಂದ ನವೆಂಬರಿನವರೆಗೆ ಕೆಲಸವನ್ನು ಬರೆದಿಟ್ಟ ಪುಸ್ತಕ ಉಳಿದುಬಂದಿದೆ. ಅದು ಈಗ ಜಪಾನಿನ ನಿಶಿನೊಮಿಯ ನಗರದ ಒಂದು ಬೌದ್ಧ ದೇವಾಲಯದ ಸ್ವತ್ತು. ನಳಿಗೆಗಳನ್ನು ಕೈಯಲ್ಲಿ ಹಿಡಿದವನು ಯಾರೆಂಬುದಕ್ಕೆ ಆ ಪುಸ್ತಕಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ತಕಾಮಿನೆಯ ಅರ್ಜಿ ಪೇಟೆಂಟು ಕಚೇರಿಯನ್ನು ಮುಟ್ಟಿದುದು 1900ರ ನವೆಂಬರ್ 5ರಂದು. ಪುಸ್ತಕದ ಬರವಣಿಗೆ ನಿಲ್ಲುವ ಮೊದಲೇ ಅರ್ಜಿ ಹೋಗಿದೆ. ಕಚೇರಿಯನ್ನು ಒಳಗಿನಿಂದ ಕಂಡವನ ಚಾತುರ್ಯ ಇದು. 1901ರಲ್ಲಿ ವಿದ್ವತ್ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಸುದ್ದಿ ಹೊರಬಿದ್ದಿತು. ಅದೇ ವರ್ಷ ಪಾರ್ಕ್-ಡೇವಿಸ್ ಕಂಪನಿಯ ಥಾಮಸ್ ಬೆಲ್ ಆಲ್ಡ್ರಿಚ್, ಹಿಂದೆ ಏಬಲನ ಬಳಿ ಇದ್ದವನು, ತಾನಾಗಿಯೇ ಆ ಹರಳುಗಳನ್ನು ಪಡೆದು ಅವುಗಳ ಸರಿಯಾದ ಅಣುಸೂತ್ರವನ್ನು ನಿರ್ಣಯಿಸಿದನು: ಇಂಗಾಲ 9, ಜಲಜನಕ 13, ಸಾರಜನಕ 1, ಆಮ್ಲಜನಕ 3. ಪೇಟೆಂಟುಗಳು ಮಂಜೂರಾದುದು 1903ರ ಜೂನ್ 2ರಂದು. ಅವುಗಳಲ್ಲಿ 730,176ನೆಯದು ವಿಧಾನಕ್ಕಲ್ಲ, ಪದಾರ್ಥಕ್ಕೇ ಹಕ್ಕು ಕೇಳಿದೆ: ಗ್ರಂಥಿಯ ಗುಣಗಳನ್ನುಳ್ಳ, ಕೆಡದೆ ನಿಲ್ಲುವ, ಸಾಂದ್ರವಾದ, ಗ್ರಂಥಿಯ ನಿರುಪಯುಕ್ತ ಅಂಶಗಳಿಂದ ಬಹುಮಟ್ಟಿಗೆ ಬಿಡುಗಡೆಯಾದ ಪದಾರ್ಥ ಯಾವುದೋ ಅದು. ಉಪಜ್ಞೆಕಾರನ ಜಾಗದಲ್ಲಿ ತಕಾಮಿನೆಯದೊಂದೇ ಹೆಸರು.

ಇದನ್ನು ಕಂಡು ಕೆಲವರು ತಕಾಮಿನೆಯನ್ನು ಕಳ್ಳನೆಂದೇ ಕರೆದುಬಿಡುತ್ತಾರೆ. ನಮಗೆ ಇದು ಸರಿಕಾಣುವುದಿಲ್ಲ. ಯಜಮಾನನು ಯೋಜನೆಯನ್ನು ರೂಪಿಸಿ, ಸಹಾಯಕನು ಅದನ್ನು ನಡೆಸುವಾಗ ಮಾಡಿಕೊಂಡ ಸುಧಾರಣೆಗಳು ಯಜಮಾನನ ಉಪಜ್ಞೆಯೊಳಗೇ ಸೇರುತ್ತವೆಂಬುದು ಅಮೆರಿಕದ ನ್ಯಾಯಾಲಯಗಳು ಆ ವೇಳೆಗಾಗಲೇ ಒಪ್ಪಿದ್ದ ಸೂತ್ರ. ಗ್ರಂಥಿಯನ್ನು ಆರಿಸಿದವನು, ಹಣವನ್ನು ಹೊಂದಿಸಿದವನು, ಗುರಿಯನ್ನು ನಿಶ್ಚಯಿಸಿದವನು ತಕಾಮಿನೆ. ಶಾಸನದ ದೃಷ್ಟಿಯಿಂದ ಆತನು ಮಾಡಿದ ಪ್ರಮಾಣದಲ್ಲಿ ಸುಳ್ಳಿತ್ತೆಂದು ಹೇಳಲು ಬರುವುದಿಲ್ಲ. ಆದರೆ ಶಾಸನದ ತೀರ್ಮಾನವನ್ನು ಚರಿತ್ರೆಯ ತೀರ್ಮಾನವೆಂದು ಒಪ್ಪಿಕೊಳ್ಳಬೇಕಾದ ಹಂಗು ನಮಗೆ ಇಲ್ಲ. ‘ಹಕ್ಕು ಯಾರದು’ ಎಂಬುದನ್ನು ತೀರಿಸಲು ರಚಿಸಿದ ಸೂತ್ರದಿಂದ ‘ಕಂಡವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಹೇಳಹೊರಟರೆ, ಗಜಕಡ್ಡಿಯಿಂದ ಹಾಲನ್ನು ಅಳೆದಂತಾಗುತ್ತದೆ.

ಪೇಟೆಂಟಿನ ಆಚೆಗೆ ಇನ್ನೊಂದು ಬೇಲಿಯೂ ಇತ್ತು. ‘ಅಡ್ರಿನಲಿನ್’ ಎಂಬ ಹೆಸರೇ ಅಮೆರಿಕದಲ್ಲಿ ಪಾರ್ಕ್-ಡೇವಿಸ್ ಕಂಪನಿಯ ವ್ಯಾಪಾರಮುದ್ರೆಯಾಯಿತು. ಪೇಟೆಂಟಿಗೆ ಅಂದಿನ ನಿಯಮದಂತೆ 17 ವರ್ಷ ಆಯಸ್ಸು. ವ್ಯಾಪಾರಮುದ್ರೆಗೆ ಅಂತಹ ಗಡುವಿಲ್ಲ. ಆದುದರಿಂದಲೇ ಅಮೆರಿಕದ ವೈದ್ಯರು ಇಂದಿಗೂ ಏಬಲನ ಮಾತಾದ ‘ಎಪಿನೆಫ್ರಿನ್’ ಎಂಬುದನ್ನೇ ಬಳಸುತ್ತಾರೆ. ಬ್ರಿಟನ್ನಿನವರೂ ಅವರನ್ನು ಅನುಸರಿಸಿದ ನಾವೂ ‘ಅಡ್ರಿನಲಿನ್’ ಎನ್ನುತ್ತೇವೆ. ವ್ಯಂಗ್ಯವನ್ನು ನೋಡಿ: ಪದಾರ್ಥವನ್ನು ಶುದ್ಧವಾಗಿ ಪಡೆಯದವನ ಹೆಸರು, ಪಡೆದವರ ನಾಡಿನಲ್ಲಿ ಉಳಿಯಿತು. ಇಂಗ್ಲೆಂಡಿನಲ್ಲಿಯೂ ಜಗಳ ತಪ್ಪಲಿಲ್ಲ. ಹೆನ್ರಿ ಡೇಲ್ 1906ರಲ್ಲಿ ತನ್ನ ಸಂಶೋಧನ ಲೇಖನದಲ್ಲಿ ‘ಅಡ್ರಿನಲಿನ್’ ಎಂದು ಬರೆಯಹೊರಟಾಗ, ಅದು ಇನ್ನೊಂದು ಕಂಪನಿಯ ಮುದ್ರೆಯೆಂದು ಆತನಿಗೆ ಕೆಲಸ ಕೊಟ್ಟಿದ್ದ ವೆಲ್ಕಮ್ ಆಕ್ಷೇಪಿಸಿದನು. ಡೇಲ್ ತನ್ನ ಪಟ್ಟನ್ನು ಬಿಡಲಿಲ್ಲ. ವಿಜ್ಞಾನಿಯ ಬಾಯಿಯ ಮಾತಿಗೂ ಒಡೆತನದ ಲೆಕ್ಕ ಬಂದುದು ಹೀಗೆ.

ಮೊಕದ್ದಮೆಯೂ ಬಂದಿತು. ಫಿಲಡೆಲ್ಫಿಯದ ಮಲ್ಫೋರ್ಡ್ ಕಂಪನಿ ‘ಆಡ್ರಿನ್’ ಎಂಬ ಹೆಸರಿನಿಂದ ಅದೇ ಬಗೆಯ ಪದಾರ್ಥವನ್ನು ಮಾರುತ್ತಿತ್ತು. ತಕಾಮಿನೆಯ ಪೇಟೆಂಟುಗಳನ್ನು ಹಿಡಿದು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವಾದಿಯಾಗಿ ನಿಂತುದು ತಕಾಮಿನೆಯಲ್ಲ, ಪಾರ್ಕ್-ಡೇವಿಸ್. ನೋಡಿ, ಮೂರನೆಯ ಪಾತ್ರಧಾರಿ ಇಲ್ಲಿ ಹೆಸರು ಹೇಳಿಕೊಂಡೇ ರಂಗಕ್ಕೆ ಬಂದಂತಾಯಿತು. 1911ರಲ್ಲಿ ತೀರ್ಪಿತ್ತವನು ಮುಂದೆ ಬಹಳ ಪ್ರಖ್ಯಾತನಾದ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್. ನಿಸರ್ಗದಲ್ಲಿರುವ ವಸ್ತುವಿಗೆ ಪೇಟೆಂಟು ಸಲ್ಲದೆಂಬ ಪ್ರತಿವಾದಿಯ ತಕರಾರನ್ನು ಆತನು ತಳ್ಳಿಹಾಕಿದನು. ಹಿಂದಿನವರಾರೂ ಪಡೆಯದಿದ್ದ ರೂಪದಲ್ಲಿ ತಕಾಮಿನೆ ಅದನ್ನು ಪಡೆದಿದ್ದಾನೆ. ವ್ಯಾಪಾರದ ದೃಷ್ಟಿಯಿಂದಲೂ ಚಿಕಿತ್ಸೆಯ ದೃಷ್ಟಿಯಿಂದಲೂ ಅದು ಹೊಸ ವಸ್ತುವೇ ಸರಿ ಎಂಬುದು ತೀರ್ಪಿನ ತಾತ್ಪರ್ಯ. ಅದೇ ತೀರ್ಪಿನಲ್ಲಿ ಹ್ಯಾಂಡ್ ಮತ್ತೊಂದು ಮಾತನ್ನೂ ಹೇಳಿದ್ದಾನೆ: ರಸಾಯನವಿಜ್ಞಾನದ ಗಂಧವೂ ಇಲ್ಲದ ತನ್ನಂಥವನು ಇಂತಹ ಪ್ರಶ್ನೆಗಳನ್ನು ತೀರ್ಮಾನಿಸುವ ಏರ್ಪಾಟು ಎಷ್ಟು ಕಾಲ ನಡೆದೀತೆಂದು ಆತನು ಬೇಸರಪಟ್ಟುಕೊಂಡನು. ತನ್ನ ಅಜ್ಞಾನವನ್ನು ತೀರ್ಪಿನೊಳಗೇ ಬರೆದಿಟ್ಟ ಈ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. 1912ರಲ್ಲಿ ಮೇಲಿನ ನ್ಯಾಯಾಲಯ ಈ ತೀರ್ಪನ್ನು ಭಾಗಶಃ ಎತ್ತಿಹಿಡಿಯಿತು.

ತೀರ್ಪಿನ ವಿಷಯದಲ್ಲಿ ನಮ್ಮ ಭಿನ್ನಾಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಗ್ರಂಥಿಯಿಂದ ಹರಳನ್ನು ತೆಗೆಯುವ ಹೊಸ ವಿಧಾನಕ್ಕೆ ಏಕಸ್ವಾಮ್ಯ ಕೊಡುವುದು ನ್ಯಾಯ. ಆದರೆ ಪದಾರ್ಥಕ್ಕೇ ಕೊಟ್ಟರೆ, ನಾಳೆ ಬೇರೊಬ್ಬನು ಬೇರೊಂದು ಹಾದಿಯಿಂದ ಅಲ್ಲಿಗೆ ತಲಪಿದಾಗಲೂ ಮೊದಲಿನವನಿಗೇ ಸುಂಕ ಕಟ್ಟಬೇಕಾಗುತ್ತದೆ. ಬೇರೆ ಹಾದಿ ಕೂಡಲೇ ತೆರೆಯಿತು ಕೂಡ. ಜರ್ಮನಿಯ ಹೆಕ್ಸ್ಟ್ ಕಂಪನಿಯ ಫ್ರೀಡ್ರಿಷ್ ಸ್ಟೋಲ್ಜ್ 1904ರಲ್ಲಿ ಗ್ರಂಥಿಯ ನೆರವಿಲ್ಲದೆ ಪ್ರಯೋಗಾಲಯದಲ್ಲಿಯೇ ಅಡ್ರಿನಲಿನನ್ನು ಸಂಶ್ಲೇಷಿಸಿದನು. ಇನ್ನೂ ಒಂದು ಸ್ವಾರಸ್ಯವಿದೆ. ಗ್ರಂಥಿಯಿಂದ ತೆಗೆದ ‘ಶುದ್ಧ’ ಅಡ್ರಿನಲಿನ್ನಿನಲ್ಲಿ ಅದರ ಹತ್ತಿರದ ಬಂಧುವಾದ ನಾರಡ್ರಿನಲಿನ್ನೂ ಬೆರೆತಿರುತ್ತದೆಂಬುದು 1940ರ ದಶಕದಲ್ಲಿ ಗೊತ್ತಾಯಿತು. ಅಂದು ಇದು ಯಾರಿಗೂ ತಿಳಿಯುವಂತಿರಲಿಲ್ಲ. ಆದರೂ ಪದಾರ್ಥವೊಂದರ ಪರಿಶುದ್ಧಿಯ ಮೇಲೆ ನಿಂತ ಹಕ್ಕು, ಅದರಲ್ಲಿ ಏನಿದೆಯೆಂದು ಯಾರೂ ಪೂರ್ತಿಯಾಗಿ ಅರಿಯದ ಕಾಲದಲ್ಲಿ ಮಂಜೂರಾಯಿತೆಂಬುದು ಯೋಚಿಸತಕ್ಕ ವಿಷಯ.

ಹ್ಯಾಂಡನ ತೀರ್ಪು ಬಹುಕಾಲ ದಾರಿದೀಪದಂತೆ ಉಳಿಯಿತು. ನಿಸರ್ಗದಲ್ಲಿರುವ ಡಿ.ಎನ್.ಎ.ಯನ್ನು ಬೇರ್ಪಡಿಸಿದ ಮಾತ್ರಕ್ಕೆ ಪೇಟೆಂಟು ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮಿರಿಯಡ್ ಕಂಪನಿಯ ಮೊಕದ್ದಮೆಯಲ್ಲಿ ಹೇಳುವ ವೇಳೆಗೆ 2013 ಬಂದಿತ್ತು. ನಮ್ಮ ದೇಶದ 1970ರ ಪೇಟೆಂಟು ಅಧಿನಿಯಮ ಔಷಧಗಳ ವಿಷಯದಲ್ಲಿ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತ್ತು. 2005ರಿಂದ ಪದಾರ್ಥಕ್ಕೂ ಹಕ್ಕು ದೊರೆಯುತ್ತದೆ. ಆದರೂ ನಿಸರ್ಗದಲ್ಲಿ ಇರುವ ವಸ್ತುವನ್ನು ಕಂಡುಹಿಡಿದುದು ಉಪಜ್ಞೆಯಲ್ಲವೆಂದು ಅದರ 3ನೆಯ ಪ್ರಕರಣ ಈಗಿನ ರೂಪದಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ತಕಾಮಿನೆಯ 730,176ನೆಯ ಪೇಟೆಂಟಿನಂತಹ ಬೇಡಿಕೆ ಇಂದು ನಮ್ಮಲ್ಲಿ ನಿಲ್ಲುವುದು ಕಷ್ಟ.

ಹಕ್ಕನ್ನು ಪಡೆದ ಮೇಲೂ ಏನು ಮಾಡಬಹುದೆಂಬುದಕ್ಕೆ ಟೊರಾಂಟೊ ನಗರದ ನಿದರ್ಶನವಿದೆ. ಇನ್ಸುಲಿನ್ನಿನ ಪೇಟೆಂಟಿನಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರ ಹೆಸರೂ ಇವೆ. ಬೆಸ್ಟ್ ಆಗಿನ್ನೂ ವಿದ್ಯಾರ್ಥಿ ಸಹಾಯಕ. 1923ರಲ್ಲಿ ಮೂವರೂ ತಲಾ ಒಂದು ಡಾಲರಿಗೆ ತಮ್ಮ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ನೆಲಮಾಳಿಗೆಯ ಸಹಾಯಕನಿಗೂ ಟೊರಾಂಟೊದ ಸಹಾಯಕನಿಗೂ ಇದ್ದ ಅಂತರ ಕೇವಲ 20 ವರ್ಷ.

ಈ ಹಳೆಯ ಕಥೆಯನ್ನು ಕೆದಕಲು ನಮಗೆ ಇನ್ನೊಂದು ಕಾರಣವೂ ಇದೆ. ನಮ್ಮ ಕಾಲೇಜುಗಳ ಮೌಲ್ಯಮಾಪನದಲ್ಲಿ ಪೇಟೆಂಟುಗಳನ್ನು ಎಣಿಸಿ ಅಂಕ ಕೊಡುವ ಪದ್ಧತಿ ಈಗ ಬಂದಿದೆ. ಎಣಿಕೆ ಬಂದ ಮೇಲೆ ಅರ್ಜಿಗಳ ಸುಗ್ಗಿ ಬರುವುದು ಸಹಜ. ಇಂತಹ ಅರ್ಜಿಗಳಲ್ಲಿ ಉಪಜ್ಞೆಕಾರರ ಪಟ್ಟಿ ಹುದ್ದೆಯ ಹಿರಿತನದ ಕ್ರಮದಲ್ಲಿ ಬೆಳೆಯುವುದನ್ನೂ, ಉಪಕರಣವನ್ನು ಕಟ್ಟಿದ ಹುಡುಗನ ಅಥವಾ ಹುಡುಗಿಯ ಹೆಸರು ಕೊನೆಗೆ ಹೋಗುವುದನ್ನೂ, ಒಮ್ಮೊಮ್ಮೆ ಇಲ್ಲದೆಯೇ ಹೋಗುವುದನ್ನೂ ಬಲ್ಲ ಅಧ್ಯಾಪಕರು ಕಡಿಮೆಯಿಲ್ಲ. ಹಿರಿಯರಿಗೆ ಹಕ್ಕಿನ ಪಾಲು ಇರಬಾರದೆಂದು ನಮ್ಮ ವಾದವಲ್ಲ, ಸಂಸ್ಥೆ ಖಾತೆದಾರನಾಗಿರಲಿ. ಸಾಗುವಳಿದಾರನ ಹೆಸರೂ ದಾಖಲೆಯಲ್ಲಿರಲಿ ಎಂಬುದಷ್ಟೆ ನಮ್ಮ ಕೋರಿಕೆ. ದಿನಾಂಕ ಹಾಕಿ ಪುಟಸಂಖ್ಯೆ ಬರೆದ ಪ್ರಯೋಗದ ಪುಸ್ತಕವನ್ನು ವಿದ್ಯಾರ್ಥಿಗಳು ಅಂಕಕ್ಕಾಗಿ ಮಾತ್ರ ಬರೆಯುತ್ತಾರೆ. ಅದು ಅವರ ಪಾಲಿನ ಹಕ್ಕುಪತ್ರವೂ ಆದೀತೆಂದು ಅವರಿಗೆ ಯಾರೂ ಹೇಳುವುದಿಲ್ಲ.

ಶಾಸನವೂ ಇಲ್ಲಿ ಪೂರ್ತಿಯಾಗಿ ಕುರುಡಲ್ಲ. ನಮ್ಮ ಅಧಿನಿಯಮದ 28ನೆಯ ಪ್ರಕರಣದಂತೆ, ಪೇಟೆಂಟಿನ ಒಡೆತನ ಯಾರದೇ ಆಗಿರಲಿ, ನಿಜವಾದ ಉಪಜ್ಞೆಕಾರನು ತನ್ನ ಹೆಸರನ್ನು ಅದರಲ್ಲಿ ನಮೂದಿಸಬೇಕೆಂದು ಕೇಳಬಹುದು. ಹಾಗೆ ನಮೂದಾದುದರಿಂದ ಒಡೆತನದಲ್ಲಿ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಅರ್ಜಿದಾರನ ಜೊತೆ ಸೇರಿ ಕೇಳಬಹುದು. ಅವನು ಒಪ್ಪದಿದ್ದರೆ ತಾನೊಬ್ಬನೇ ಬೇಡಿಕೆ ಸಲ್ಲಿಸಬಹುದು. ಆದರೆ ಪೇಟೆಂಟು ಮಂಜೂರಾಗುವುದಕ್ಕೆ ಮೊದಲೇ ಸಲ್ಲಿಸಬೇಕು. ಆಮೇಲೆ ಸಲ್ಲಿಸಿದ ಬೇಡಿಕೆಯನ್ನು ಈ ಪ್ರಕರಣದಡಿ ಪರಿಗಣಿಸಲು ಬರುವುದಿಲ್ಲ.